ಕೊನೆಗೆ ಮುಟ್ಟಿದವರು

ಹೋದ ತಿಂಗಳು ಹೆಂಡತಿ ಸುಮಾ ಬಚ್ಚಲಿಗೆ ಹಾಕಿಕೊಳ್ಳಲು ಹವಾಯಿ ಚಪ್ಪಲಿ ಬೇಕೆಂದು ನನ್ನನ್ನು ತುಮಕೂರಿನ ಬಟವಾಡಿಯ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಕವರು ಹರಿದು, ನೀಲಿ ಪಟ್ಟಿಯ ಒಂದು ಜೊತೆಯನ್ನು ಅವಳ ಕಾಲ ಮುಂದೆ ಹಾಕಿದ. ಹೊಸ ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಂತು. ಸುಮಾ ಅದನ್ನು ಮೆಟ್ಟಿಕೊಂಡು ಅಂಗಡಿಯ ಆ ತುದಿಯವರೆಗೆ ನಡೆದು ನೋಡಿದಳು. ಪಟ, ಪಟ, ಪಟ, ಪಟ.

ನಾನು ಎದ್ದು ಹೊರಗೆ ಬಂದು ಆಟೋಗಳ ಗದ್ದಲದಲ್ಲಿ ನಿಂತುಕೊಂಡೆ.

“ಏನ್ರೀ, ಇದ್ದಕ್ಕಿದ್ದಂಗೆ ಎದ್ದು ಬಂದ್ರಿ?” ಸುಮಾ ಚೀಲ ಹಿಡಿದುಕೊಂಡು ಬಂದಳು.

“ಒಳಗೆ ಸೆಕೆ.”

“ಸಂಕ್ರಾಂತಿ ಮುಂದೆ ಸೆಕೆನಾ? ಆ ಹೊಟ್ಟೆ ನೋಡ್ಕೊಳ್ಳಿ ಒಂದ್ಸಲ. ಇರೋದೊಂದು ಕಿಡ್ನಿ, ಅದಕ್ಕಾದ್ರೂ ಮರ್ಯಾದೆ ಕೊಡಿ. ಮತ್ತೆ ಓಡೋಕೆ ಶುರು ಮಾಡಿ ಅಂತ ಎಷ್ಟು ಸಲ ಬಡ್ಕೊಳ್ಳಿ ನಾನು?”

ನಾನು ಮತ್ತೆ ಓಡದಿರುವುದು ಸೋಮಾರಿತನದಿಂದ ಎಂದು ಅವಳು ತಿಳಿದಿದ್ದಾಳೆ. ನಾನೂ ಹಾಗೆಂದೇ ಹೇಳಿಕೊಂಡು ಬಂದಿದ್ದೆ.

ನಾನು ಭೌತಶಾಸ್ತ್ರ ಓದಿದವನು, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು. ದೆವ್ವ ಭೂತಗಳಲ್ಲಿ ನನಗೆ ನಂಬಿಕೆ ಇಲ್ಲ. ಈಚೀಚೆಗೆ ನನ್ನ ನೆನಪಿನ ಮೇಲೂ ನಂಬಿಕೆ ಇಲ್ಲ. ಆ ಒಂದು ಚಳಿಗಾಲವನ್ನು ನಾನು ಎಷ್ಟು ಸಲ ಹೊರಗೆ ತೆಗೆದು ನೋಡಿದ್ದೇನೆಂದರೆ, ಯಾವುದು ಆಗ ನಿಜವಾಗಿ ನಡೆದದ್ದು, ಯಾವುದು ಆಮೇಲೆ ನನ್ನ ಕೈಯಿಂದ ಅಂಟಿಕೊಂಡದ್ದು ಎಂದು ಬೇರ್ಪಡಿಸುವುದು ಕಷ್ಟ. ಸಂಶಯವಿರುವ ಕಡೆ ಹೇಳುತ್ತೇನೆ.

ಮಳೆ ಹುಚ್ಚಾಪಟ್ಟೆ ಸುರಿದು ನಮ್ಮ ಜಿಲ್ಲೆಯ ಕೆರೆಗಳೆಲ್ಲ ಕೋಡಿ ಹರಿದ ವರ್ಷ ಅದು. ನನಗೆ ಗುಬ್ಬಿಯ ಕಾಲೇಜಿಗೆ ವರ್ಗವಾಗಿತ್ತು. ಬಟವಾಡಿಯ ಬಾಡಿಗೆ ಮನೆ ಬಿಡದೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅದೇ ವರ್ಷ ನಮ್ಮ ಅಕ್ಕ ವನಜಳ ಎರಡು ಕಿಡ್ನಿಗಳೂ ಸೋತವು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಕುಣಿಗಲ್ಲಿಗೆ ಮದುವೆಯಾಗಿ ಹೋದವಳು. ಭಾವನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ. ವಾರಕ್ಕೆ ಮೂರು ದಿನ ಭಾವ ಅವಳನ್ನು ಡಯಾಲಿಸಿಸ್‌ಗೆಂದು ತುಮಕೂರಿಗೆ ಕರೆತರುತ್ತಿದ್ದರು. ಮುಗಿದ ಮೇಲೆ ಅವಳು ನಮ್ಮ ಮನೆಯಲ್ಲಿ ಮಲಗಿ, ಸುಧಾರಿಸಿಕೊಂಡು, ಸಂಜೆ ವಾಪಸು ಹೋಗುತ್ತಿದ್ದಳು.

ಕಿಡ್ನಿ ಕೊಡಲು ಭಾವನ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಆದರೆ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಖವನ್ನೂ ಹೊಟ್ಟೆಯನ್ನೂ ನೋಡಿ ತಲೆಯಾಡಿಸಿದರು.

“ಅಕ್ಕನಿಗೆ ಕೊಡ್ಬೇಕು ಅಂತ ಬಂದಿದೀರ, ಸಂತೋಷ. ಆದ್ರೆ ಈ ತೂಕದಲ್ಲಿ ನಿಮ್ಮನ್ನ ಟೇಬಲ್ ಹತ್ತಿಸೋಕಾಗಲ್ಲ. ಶುಗರ್ ಬೇರೆ ಬಾರ್ಡರ್‌ನಲ್ಲಿದೆ. ಇಳಿಸ್ಕೊಂಡು ಬನ್ನಿ.”

“ಎಷ್ಟು ಟೈಮ್ ಇದೆ ಡಾಕ್ಟ್ರೇ?”

“ನಿಮಗೆ ಬೇಕಾದಷ್ಟಿದೆ. ಅವರಿಗಿಲ್ಲ. ಶಿವರಾತ್ರಿ ಹೊತ್ತಿಗೆ ಬನ್ನಿ, ನೋಡೋಣ.”

ಅದು ದೀಪಾವಳಿ ಮುಗಿದ ವಾರ. ಮನೆಗೆ ಬಂದು ಹೇಳಿದಾಗ ಸುಮಾ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. “ಅತ್ತಿಗೆ ಬದುಕ್ಬೇಕು. ನಾನು ಬೇಡ ಅನ್ನಲ್ಲ. ನಾಳೆ ನಿಮಗೇ ಒಂದು ಕಿಡ್ನಿ ಬೇಕಾಯ್ತು ಅಂದ್ರೆ ನಾನೂ ಮಗಳೂ ಯಾರ ಮನೆ ಬಾಗಿಲು ತಟ್ಟೋದು?” ಮಾರನೆಯ ದಿನ ಅವಳು ಪೂರಿಗೆಂದು ಕಲಸಿಟ್ಟ ಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟು, ನನಗೆ ಒಂದು ಪುಟ್ಟ ಮುದ್ದೆ, ಒಂದು ಬಟ್ಟಲು ಸೊಪ್ಪಿನ ಸಾರು ಬಡಿಸಿದಳು. ಅದೇ ಅವಳ ಒಪ್ಪಿಗೆ.

ಮೊದಲು ಬಟವಾಡಿಯಲ್ಲೇ ಓಡಿ ನೋಡಿದೆ. ಸರ್ವಿಸ್ ರಸ್ತೆಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದವು. ಹಾಲಿನ ಬೂತಿನ ಹತ್ತಿರ ನಿಂತಿದ್ದ ಹಳೆಯ ವಿದ್ಯಾರ್ಥಿಯೊಬ್ಬ, “ಸಾರ್, ಪೊಲೀಸ್‌ಗೆ ಫೋನ್ ಮಾಡ್ಲಾ? ಯಾರು ಸಾರ್ ಅಟ್ಟಿಸ್ಕೊಂಡು ಬರ್ತಿರೋದು?” ಎಂದ. ನಾಚಿಕೆಯಾಯಿತು. ಆಮೇಲೆ ದಾರಿ ಹೊಳೆಯಿತು. ಬೆಳಗಿನ ಮೊದಲ ಬಸ್ಸಿಗೆ ಗುಬ್ಬಿಗೆ ಹೋಗಿ, ಕೆರೆ ಏರಿಯ ಮೇಲೆ ಓಡಿ, ಕಾಲೇಜಿನಲ್ಲೇ ಸ್ನಾನ ಮಾಡಿ ಪಾಠಕ್ಕೆ ಹೋಗುವುದು. ಅಲ್ಲಿ ನನ್ನನ್ನು ಬಲ್ಲವರು ಕಡಿಮೆ. ಆ ಏರಿಯಂತೂ ನನಗೆ ಹೊಸದಲ್ಲ.

ನಾನೂ ಅಕ್ಕನೂ ಗುಬ್ಬಿಯಲ್ಲೇ ಬೆಳೆದವರು. ಅಪ್ಪ ಅಲ್ಲಿನ ಅಂಚೆ ಕಚೇರಿಯಲ್ಲಿದ್ದರು. ಸ್ಕೂಲು ಬಿಟ್ಟ ಮೇಲೆ ಏರಿಗೆ ಹೋಗುವುದು, ಈ ತುದಿಯಿಂದ ಓಟ ಕೀಳುವುದು. ಗದ್ದೆಗೆ ನೀರು ಬಿಡುವ ಹಳೆಯ ತೂಬಿನ ಪಕ್ಕ ಸೊಂಟದೆತ್ತರದ ಒಂದು ನೆಟ್ಟ ಕಲ್ಲಿದೆ. ಅದನ್ನು ಮುಟ್ಟಿ ಹಿಂತಿರುಗಬೇಕು. ನಮ್ಮ ಆಟಕ್ಕೆ ಇದ್ದದ್ದು ಒಂದೇ ನಿಯಮ: ಕೊನೆಗೆ ಮುಟ್ಟಿದವರು ಕೆರೆ ಪಾಲು. ಮಕ್ಕಳ ಮಾತು. ಯಾರು ಮಾಡಿದರೋ ಗೊತ್ತಿಲ್ಲ. ಅಕ್ಕ ಯಾವಾಗಲೂ ಮುಂದೆ, ನಾನು ಯಾವಾಗಲೂ ಹಿಂದೆ. ಮುಟ್ಟಿ ತಿರುಗಿದವಳು ಮನೆ ದಾರಿ ಹಿಡಿದು, ಕತ್ತು ಮಾತ್ರ ಹಿಂದಕ್ಕೆ ಹೊರಳಿಸಿ, ಕೈ ಹಿಂದಕ್ಕೆ ಚಾಚಿ ಕೂಗುತ್ತಿದ್ದಳು. “ಬೇಗ ಬಾರೋ, ಕತ್ತಲಾಯ್ತು!” ಅವಳ ಚಪ್ಪಲಿಯ ಪಟಪಟ ಸದ್ದು ಹಿಡಿದುಕೊಂಡು ನಾನು ಓಡುತ್ತಿದ್ದೆ. ಅದು ನನಗೆ ಸ್ಪಷ್ಟವಾಗಿ ನೆನಪಿತ್ತು. ಮಿಕ್ಕದ್ದೆಲ್ಲ ಅಳಿಸಿಹೋದರೂ ಆ ಸದ್ದು ಅಳಿಸುವಂಥದ್ದಲ್ಲ ಎಂದುಕೊಂಡಿದ್ದೆ.

ಮೊದಲ ವಾರಗಳಲ್ಲಿ ನಾನು ಮಾಡಿದ್ದನ್ನು ಓಟ ಎನ್ನಲಾಗದು. ಒಂದು ಕರೆಂಟು ಕಂಬದಿಂದ ಇನ್ನೊಂದರವರೆಗೆ ಕುಕ್ಕುಲೋಟ, ಆಮೇಲೆ ಸೊಂಟಕ್ಕೆ ಕೈಕೊಟ್ಟು ನಡಿಗೆ. ಎದೆ ಕಮ್ಮಾರನ ತಿದಿಯಂತೆ ಏಳುತ್ತಿತ್ತು. ಬಾಯಲ್ಲಿ ಕಬ್ಬಿಣದ ರುಚಿ. ತೊಡೆಗೆ ತೊಡೆ ಉಜ್ಜಿ ಚರ್ಮ ಕಿತ್ತು, ಪಾಠ ಮಾಡುವಾಗ ಕಾಲು ಅಗಲಿಸಿ ನಿಲ್ಲಬೇಕಾಯಿತು. ಸುಮಾ ಕೊಬ್ಬರಿ ಎಣ್ಣೆ ಸವರಿಕೊಳ್ಳಲು ಕಲಿಸಿದಳು. ನಿವೃತ್ತ ಬಸ್ ಕಂಡಕ್ಟರ್ ರೇವಣ್ಣ ಎಂಬವರು ಮಫ್ಲರು ಸುತ್ತಿಕೊಂಡು ದಿನಾ ಏರಿಯ ಮೇಲೆ ನಡೆಯಲು ಬರುತ್ತಿದ್ದರು. ನನ್ನನ್ನು ನೋಡಿ ನಿಂತು, “ಮೇಷ್ಟ್ರೇ, ನಿಧಾನ. ಕೆರೆ ಎಲ್ಲೂ ಓಡೋಗಲ್ಲ” ಎಂದರು. ಓಡಲಿ, ನಡೆಯಲಿ, ತೂಬಿನ ಕಲ್ಲು ಮುಟ್ಟದೆ ತಿರುಗಬಾರದು, ತಿರುಗಿದರೆ ಅವತ್ತಿನ ವಾಕಿಂಗು ಲೆಕ್ಕಕ್ಕಿಲ್ಲ ಎಂದು ಅವರೇ ಹೇಳಿದ್ದು. ನಮ್ಮ ಆಟ ದೊಡ್ಡವರ ಪದ್ಧತಿಯಾಗಿ ಉಳಿದುಕೊಂಡಿತ್ತು. ಅಥವಾ ದೊಡ್ಡವರದ್ದನ್ನೇ ನಾವು ಆಟ ಮಾಡಿಕೊಂಡಿದ್ದೆವೋ.

ಕಾರ್ತಿಕ ಕಳೆದು ಮಂಜು ಬೀಳತೊಡಗಿದ ಮೇಲೆ ಆ ಸದ್ದು ಶುರುವಾಯಿತು.

ಆ ಬೆಳಗ್ಗೆ ತುಂಬಿದ ಕೆರೆ ಕಾಣುತ್ತಲೇ ಇರಲಿಲ್ಲ. ಎಡಕ್ಕೆ ಬಿಳಿ, ಬಲಕ್ಕೆ ಬಿಳಿ, ನಡುವೆ ನನ್ನ ಮೂರು ಮಾರಿನಷ್ಟು ಮಣ್ಣಿನ ದಾರಿ. ಜೊಂಡಿನ ಹಸಿ ವಾಸನೆ. ನನ್ನ ಉಸಿರು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಆಗ ಮುಂದೆ, ಸ್ವಲ್ಪ ದೂರದಲ್ಲಿ, ಪಟ, ಪಟ, ಪಟ, ಪಟ. ಹವಾಯಿ ಚಪ್ಪಲಿ ಹಿಮ್ಮಡಿಗೆ ಬಡಿಯುವ ಸದ್ದು. ನಾನು ನಿಂತೆ. ಅದೂ ನಿಂತಿತು. ಓಡಿದೆ. ಅದೂ ಓಡಿತು. ಯಾರೋ ಹುಡುಗರು ಎಂದುಕೊಂಡು ಕಲ್ಲಿನವರೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಕಲ್ಲಿನ ನೆತ್ತಿಯ ಮೇಲೆ ಇಬ್ಬನಿ ಬೆಳ್ಳಗೆ ಹರಡಿಕೊಂಡಿತ್ತು. ಅದರ ನಡುವೆ ಒಂದು ಪುಟ್ಟ ಅಂಗೈಯಷ್ಟು ಜಾಗ ಒರೆಸಿದಂತೆ ಕಪ್ಪಗಿತ್ತು. ನನ್ನ ಕೈಯನ್ನು ಅದರ ಮೇಲೆ ಇಟ್ಟೆ. ಆ ಗುರುತು ನನ್ನ ಅಂಗೈಯೊಳಗೆ ಮುಳುಗಿಹೋಯಿತು.

ದಿನಾ ಅದೇ. ಕಾರಣ ಹುಡುಕದೆ ಬಿಡುವವನು ನಾನಲ್ಲ. ನೀರಿನ ಮೇಲಿನ ತಣ್ಣನೆಯ ಗಾಳಿಯ ಪದರಕ್ಕೆ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತಿದ್ದರೆ ಸದ್ದು ಮೇಲೆ ಹೋಗದೆ ಬಾಗಿ ದೂರದವರೆಗೆ ಬರುತ್ತದೆ. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿರಬೇಕು. ಕಲ್ಲಿನ ಮೇಲಿನ ಗುರುತು ನನಗಿಂತ ಮುಂಚೆ ಬಂದ ಯಾರದೋ ಇರಬೇಕು. ಬಟ್ಟೆ ಒಗೆಯುವವರು ಬಿಸಿಲು ಬಂದ ಮೇಲೆ ಬರುತ್ತಾರೆಂದು ರೇವಣ್ಣ ಹೇಳಿದಾಗ, ಹಾಗಾದರೆ ನನ್ನದೇ ಬೂಟಿನ ಪ್ರತಿಧ್ವನಿ ಎಂದುಕೊಂಡೆ. ಒಂದು ಭಾನುವಾರ ಅಕ್ಕನ ಮನೆಗೆ ಹೋದವನು ಪರೀಕ್ಷೆ ಮಾಡಿಯೇ ನೋಡೋಣವೆಂದು ಬೆಳಗ್ಗೆ ಕುಣಿಗಲ್ಲಿನ ಕೆರೆ ಏರಿಯ ಮೇಲೆ ಓಡಿದೆ. ಅಂಥದೇ ಮಂಜು, ಅಂಥದೇ ತುಂಬಿದ ನೀರು, ಅದೇ ಬೂಟು. ದೂರದ ಕುದುರೆ ಫಾರಮ್ಮಿನ ಕಡೆಯಿಂದ ಕೆನೆದ ಸದ್ದು ಕೇಳಿತು. ಬೇರೆ ಸದ್ದಿಲ್ಲ.

ಅಲ್ಲಿಂದ ಬಂದ ಮೇಲೆ ನನ್ನೊಳಗೆ ಒಂದು ಯೋಚನೆ ಕೂತುಬಿಟ್ಟಿತು. ಯಾರ ಹತ್ತಿರವೂ ಹೇಳಲಿಲ್ಲ. ಗುಬ್ಬಿಯ ಏರಿಯ ಮೇಲೆ ನನ್ನ ಮುಂದೆ ಓಡುತ್ತಿರುವುದು ಅಕ್ಕ. ಸ್ಕೂಲಿನ ವಯಸ್ಸಿನ ಅಕ್ಕ. ಒಂದು ದಿನ ಮಂಜಿನೊಳಗೆ ಏನೋ ಅಲುಗಿದ್ದು ಕಂಡಿತ್ತು, ನನ್ನ ಎದೆಮಟ್ಟಕ್ಕಿಂತ ಕೆಳಗೆ. ಕಂಡಿತ್ತೋ, ಆಮೇಲೆ ಕಲ್ಪಿಸಿಕೊಂಡೆನೋ.

ಅಕ್ಕನಿಗೆ ಆಗ ನೀರು ಕುಡಿಯುವಂತಿರಲಿಲ್ಲ. ಇಡೀ ದಿನಕ್ಕೆ ಇಷ್ಟೇ ಎಂದು ಅಳೆದು ಕೊಟ್ಟ ನೀರು. ನಮ್ಮ ಮನೆಯ ಮಂಚದ ಮೇಲೆ ಬೂದಿ ಬಣ್ಣದ ಮುಖ ಹೊತ್ತು ಮಲಗಿ, ಐಸಿನ ಚೂರೊಂದನ್ನು ಚೀಪುತ್ತ ಕೇಳುತ್ತಿದ್ದಳು.

“ಕೆರೆ ಇನ್ನೂ ತುಂಬಿದ್ಯೇನೋ?”

“ತುಂಬಿದೆ ಕಣಕ್ಕ.”

“ಒಂದ್ಸಲ ಬಗ್ಗಿ ದನ ಕುಡಿದಂಗೆ ಕುಡೀಬೇಕು ಅನ್ಸುತ್ತೆ.” ಆಮೇಲೆ ನನ್ನ ಕಡೆ ನೋಡಿ ನಗುತ್ತಿದ್ದಳು. “ನೀನು ಓಡ್ತೀಯಾ ಅಂದ್ರೆ ನಂಬೋಕಾಗಲ್ಲ. ಏರಿ ಗೀರಿ ಕುಸಿದಾತು, ಹುಷಾರು.”

ತೂಕ ಇಳಿಯತೊಡಗಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ನಿಲ್ಲುತ್ತಿದ್ದವನು ನಿಲ್ಲದೆ ಕಲ್ಲು ಮುಟ್ಟಿ ಬರುವಂತಾದೆ. ಉಸಿರು ಕಾಲಿನ ಲಯಕ್ಕೆ ಕೂಡಿಕೊಂಡಿತು. ಕಾಲೇಜಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, ತಗ್ಗಿದ ದನಿಯಲ್ಲಿ. “ಏನ್ ಸಾರ್, ಶುಗರ್ರಾ?” ನಮ್ಮ ಕಡೆ ಸಣ್ಣಗಾಗಲು ಬೇರೆ ಕಾರಣ ಇರುವಂತಿಲ್ಲ.

ನಾನು ಹಗುರಾದ ಹಾಗೆ ಆ ಪಟಪಟ ಹತ್ತಿರವಾಗುತ್ತ ಬಂತು. ಮೊದಲು ಮಂಜಿನ ಆಳದಲ್ಲಿದ್ದದ್ದು ಈಗ ಕೈಚಾಚಿದರೆ ಸಿಗುವಷ್ಟು ಮುಂದೆ. ಅದೇ ದಿನಗಳಲ್ಲಿ ಅಕ್ಕನ ಸ್ಥಿತಿ ಹದಗೆಟ್ಟಿತು. ಶ್ವಾಸಕೋಶದಲ್ಲಿ ನೀರು ತುಂಬಿ, ರಾತ್ರೋರಾತ್ರಿ ಭಾವ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ನಾನು ಹತ್ತಿರ ಹೋದಷ್ಟೂ ಅವಳು ಸೋಲುತ್ತಿದ್ದಾಳೆ ಎನಿಸಿತು. ಎರಡು ಸಂಗತಿ ಜೊತೆಯಲ್ಲಿ ನಡೆದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕೆಂದಿಲ್ಲ ಎಂದು ಹುಡುಗರಿಗೆ ಹೇಳುವ ಬಾಯಿ ನನ್ನದೇ. ಆದರೂ ಅವಳು ಆಸ್ಪತ್ರೆಯಲ್ಲಿದ್ದ ಆ ವಾರ ನಾನು ಬೇಕೆಂದೇ ನಿಧಾನ ಓಡಿದೆ. ವಾರದ ಕೊನೆಗೆ ತೂಕ ಹಾಗೇ ನಿಂತಿತ್ತು. ಡಾಕ್ಟರು ಹುಬ್ಬೇರಿಸಿದರು. “ಏನಾಯ್ತು? ಹಬ್ಬದ ಊಟ ಜೋರಾಯ್ತಾ?”

ಹೀಗೆ ಇಕ್ಕಟ್ಟಿಗೆ ಸಿಕ್ಕೆ. ವೇಗವಾಗಿ ಓಡದಿದ್ದರೆ ಅಕ್ಕನಿಗೆ ಕಿಡ್ನಿ ಇಲ್ಲ. ಓಡಿದರೆ ಮುಂದಿರುವವಳನ್ನು ಹಿಂದೆ ಹಾಕಬೇಕು. ಕೊನೆಗೆ ಮುಟ್ಟಿದವರು ಕೆರೆ ಪಾಲು. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಇದೆಲ್ಲ ಮೂರ್ಖತನವೆಂದು ನನಗೇ ಹೇಳಿಕೊಳ್ಳುತ್ತಿದ್ದೆ. ಗುಬ್ಬಿಯಲ್ಲಿ ಇಳಿದು ಏರಿ ಹತ್ತಿದ ಕೂಡಲೇ ಆ ಧೈರ್ಯ ಕರಗಿಹೋಗುತ್ತಿತ್ತು.

ಶಿವರಾತ್ರಿಗೆ ಸ್ವಲ್ಪ ಮುಂಚೆ, ಇನ್ನೇನು ಮಂಜಿನ ಕಾಲ ಮುಗಿಯಿತು ಎನ್ನುವಾಗ, ಒಂದು ಬೆಳಗ್ಗೆ ಕಾಲುಗಳು ನನ್ನ ಮಾತು ಕೇಳಲಿಲ್ಲ. ಅಷ್ಟು ಹಗುರ ನಾನು ಯಾವತ್ತೂ ಓಡಿರಲಿಲ್ಲ. ಸದ್ದು ಮುಂದಿತ್ತು, ಪಕ್ಕಕ್ಕೆ ಬಂತು. ಮೊಣಕೈಯ ಹತ್ತಿರ ಒಂದು ಏದುಸಿರು, ಸಣ್ಣದು, ಬಿಕ್ಕಿದಂಥದ್ದು. ಆಮೇಲೆ ಸದ್ದು ಹಿಂದಾಯಿತು. ನಾನು ಕಲ್ಲು ಮುಟ್ಟಿದೆ. ಇಬ್ಬನಿ ಅಳಿಯದೆ ಹಾಗೇ ಇತ್ತು, ನನ್ನ ಕೈಗೆ ತಣ್ಣಗೆ ತಗುಲಿತು. ಹಿಂದೆ ಪಟಪಟ ನಿಧಾನವಾಯಿತು, ತಡವರಿಸಿತು, ನಿಂತಿತು. ತಿರುಗಿ ನೋಡಿದೆ. ಬಿಳಿ ಬಿಟ್ಟರೆ ಬೇರೇನಿಲ್ಲ. ಕೆಳಗೆ ನೀರು ಒಂದು ಸಲ ಗುಳುಕ್ ಎಂದಿತು. ಮೀನಿರಬೇಕು.

ಅವತ್ತೇ ಮಧ್ಯಾಹ್ನ ಡಾಕ್ಟರು ತೂಕ ನೋಡಿ ಬೆನ್ನು ತಟ್ಟಿದರು. “ಪಾಸಾದ್ರಿ ಮೇಷ್ಟ್ರೇ.” ಸುಮಾ ಅತ್ತಳು. ಭಾವ ನನ್ನ ಕೈ ಹಿಡಿದುಕೊಂಡು ನಿಂತರು. ನನಗೆ ಮಾತ್ರ ಅಕ್ಕನ ಮುಖ ನೋಡಲು ಆಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಗೆ ಸೇರುವ ಹಿಂದಿನ ಬೆಳಗ್ಗೆ ಮತ್ತೆ ಗುಬ್ಬಿಗೆ ಹೋದೆ. ಸೋಲುವುದಕ್ಕೆ ಹೋದೆ. ಆ ಸದ್ದು ಬರಲಿ, ನನ್ನನ್ನು ದಾಟಲಿ, ಕಲ್ಲು ಮುಟ್ಟಲಿ, ಆಮೇಲೆ ನಾನು ಮುಟ್ಟುತ್ತೇನೆ ಎಂದು ಕಲ್ಲಿನಿಂದ ನಾಲ್ಕು ಹೆಜ್ಜೆ ಈಚೆ ನಿಂತೆ. ವಿಶ್ವವಿದ್ಯಾಲಯದ ಪದವಿ ಹಿಡಿದವನು, ಮದುವೆಯಾಗಿ ಮಗಳಿರುವವನು, ಮಂಜಿಗೆ ದಾರಿ ಬಿಟ್ಟು ನಿಂತಿದ್ದೆ. ಯಾರೂ ಬರಲಿಲ್ಲ. ಬಿಸಿಲು ಬಿದ್ದು ಮಂಜು ಹರಿದು, ಕೆರೆ ಇಡಿಯಾಗಿ ಕಾಣಿಸಿತು. ರೇವಣ್ಣ ಬಂದು ಕಲ್ಲು ಮುಟ್ಟಿ, ನನ್ನನ್ನು ನೋಡಿ ಕೇಳಿದರು.

“ಯಾಕ್ ಮೇಷ್ಟ್ರೇ, ಇವತ್ತು ಒಬ್ರೇ? ನಿಮ್ ಜೊತೆಯವ್ರು ಬರ್ಲಿಲ್ವಾ?”

ಹೀಗೆ ಕೇಳಿದರೆಂದು ನನ್ನ ನೆನಪು. ‘ಇವತ್ತು ಓಡಲಿಲ್ವಾ’ ಎಂದಷ್ಟೇ ಕೇಳಿದ್ದರೂ ಕೇಳಿರಬಹುದು. ನಾನು ಏರಿಯಿಂದ ಕೆಳಗಿಳಿದೆ. ಅವತ್ತು ನಾನು ಕಲ್ಲು ಮುಟ್ಟಲಿಲ್ಲ.

ಆಪರೇಷನ್ ಆಗಿ, ಮಂಪರು ತಿಳಿದು ಎಚ್ಚರವಾದಾಗ ನಾನು ಮೊದಲು ಕೇಳಿದ್ದು ಅಕ್ಕನ ಬಗ್ಗೆ. ನರ್ಸು ನಕ್ಕು, “ಚೆನ್ನಾಗಿದಾರೆ ಸಾರ್. ಟೇಬಲ್ ಮೇಲೇ ಯೂರಿನ್ ಬರೋಕೆ ಶುರುವಾಯ್ತಂತೆ” ಎಂದಳು. ಅಷ್ಟು ಒಳ್ಳೆಯ ಸುದ್ದಿಯನ್ನು ನಾನು ಬೇರೆ ಕೇಳಿಲ್ಲ. ಕೆಲವು ದಿನಗಳ ಮೇಲೆ ಅವಳ ಕೋಣೆಗೆ ಕರೆದೊಯ್ದರು. ಅಕ್ಕ ದೊಡ್ಡ ಲೋಟ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗಟಗಟ ನೀರು ಕುಡಿಯುತ್ತಿದ್ದಳು. ಬಾಗಿಲಲ್ಲೇ ನಿಂತು ನೋಡಿದೆ. ಕೆರೆ ಅವಳನ್ನು ತೆಗೆದುಕೊಳ್ಳಲಿಲ್ಲ. ಹಾಗಾದರೆ ನಾನು ಹಿಂದೆ ಹಾಕಿ ಬಂದದ್ದು ಯಾರನ್ನು?

ಆ ಪ್ರಶ್ನೆಯ ಕಾರಣಕ್ಕೇ ನಾನು ಮತ್ತೆ ಓಡಲಿಲ್ಲ. ಮಾರನೆಯ ವರ್ಷ ವರ್ಗವಾಗಿ ತುಮಕೂರಿಗೇ ಬಂದೆ. ತೂಕ ಮೆಲ್ಲಗೆ ವಾಪಸು ಬಂತು.

ಚಪ್ಪಲಿ ಅಂಗಡಿಯ ಪ್ರಸಂಗವಾದ ವಾರ ಅಕ್ಕ ಸಂಕ್ರಾಂತಿಗೆ ಎಳ್ಳು ಬೀರಲು ನಮ್ಮ ಮನೆಗೆ ಬಂದಿದ್ದಳು. ಈಗ ಅವಳು ನನಗಿಂತ ಗಟ್ಟಿ. ಕುಣಿಗಲ್ಲಿನಲ್ಲಿ ದಿನಾ ಬೆಳಗ್ಗೆ ನಡೆಯುತ್ತಾಳೆ. “ಅಕ್ಕ, ನಾಳೆ ಗುಬ್ಬಿ ಏರಿಗೆ ಹೋಗೋಣ್ವಾ?” ಎಂದೆ. “ನನ್ ಕಿಡ್ನಿಗೆ ತವರು ತೋರಿಸ್ತೀಯಾ? ನಡಿ” ಎಂದಳು.

ಬೆಳಗ್ಗೆ ಕಾರಿನಲ್ಲಿ ಹೋದೆವು. ಮಂಜಿತ್ತು. ಏರಿ ಹತ್ತಿದ ಕೂಡಲೇ ಅಕ್ಕ ಬಗ್ಗಿ ಚಪ್ಪಲಿ ಬಿಚ್ಚಿ ಎಡಗೈಯಲ್ಲಿ ಹಿಡಿದುಕೊಂಡಳು.

“ಚಪ್ಪಲಿ ಯಾಕೆ ಬಿಚ್ಚಿದೆ? ಕಲ್ಲು ಚುಚ್ಚುತ್ತೆ.”

“ನಾನ್ಯಾವಾಗ ಕಣೋ ಇಲ್ಲಿ ಚಪ್ಪಲಿ ಹಾಕ್ಕೊಂಡು ಓಡಿದ್ದೆ? ಪಟ್ಟಿ ಕಿತ್ರೆ ಅಮ್ಮ ಬೆನ್ನು ಮುರೀತಿದ್ಲು. ಯಾವಾಗ್ಲೂ ಕೈಯಲ್ಲೇ.”

ನಾನು ನಿಂತುಬಿಟ್ಟೆ. “ನೀನು ಚಪ್ಪಲಿ ಹಾಕ್ಕೊಂಡೇ ಓಡ್ತಿದ್ದೆ. ಪಟಪಟ ಅಂತ. ನಾನು ಆ ಸದ್ದು ಹಿಡ್ಕೊಂಡೇ ಬರ್ತಿದ್ದೆ.”

ಅಕ್ಕ ನಗತೊಡಗಿದಳು. “ಅಯ್ಯೋ ಪೆದ್ದಾ. ಅದು ನಿನ್ನ ಚಪ್ಪಲಿ ಸದ್ದೇ ಕಣೋ! ಹುಡುಗನ ಕಾಲು ಬೆಳೆಯುತ್ತೆ, ಮುಂದಿನ ವರ್ಷಕ್ಕೂ ಆಗ್ಲಿ ಅಂತ ಅಮ್ಮ ನಿಂಗೆ ಯಾವಾಗ್ಲೂ ದೊಡ್ಡ ಸೈಜೇ ತರೋಳು. ಅರ್ಧ ಚಪ್ಪಲಿ ಹಿಂದೆ ನೇತಾಡ್ತಿತ್ತು. ಅದನ್ನ ಎಳ್ಕೊಂಡು ಬಾತುಕೋಳಿ ಹಂಗೆ ಬರ್ತಿದ್ದೆ. ಅದಕ್ಕೇ ನೀನು ಯಾವತ್ತೂ ಕೊನೆ. ಪಟ್ಟಿ ಕಿತ್ತೋದ್ರೂ ಬಿಡ್ತಿರ್ಲಿಲ್ಲ, ಪಿನ್ನು ಚುಚ್ಕೊಂಡು ಓಡ್ತಿದ್ದೆ.”

ಅಕ್ಕನ ನೆನಪನ್ನೇ ಯಾಕೆ ನಂಬಬೇಕು ಎಂದು ವಾದ ಮಾಡಬಹುದಿತ್ತು. ಆದರೆ ನನ್ನ ಬಲಗಾಲಿನ ಹೆಬ್ಬೆರಳ ಸಂದಿಯಲ್ಲಿ ಒಂದು ಸಣ್ಣ ಕಲೆ ಇದೆ. ಎಲ್ಲಿ ಆದದ್ದೆಂದು ನನಗೆ ಯಾವತ್ತೂ ನೆನಪಿರಲಿಲ್ಲ. ಬೂಟಿನೊಳಗೆ ಆ ಜಾಗ ಚುರುಕ್ಕೆಂದಿತು. ಅವಳ ಬೆನ್ನನ್ನೇ ನೋಡುತ್ತ ಓಡುತ್ತಿದ್ದ ಹುಡುಗ ತನ್ನ ಕಾಲಿನ ಸದ್ದನ್ನು ಅವಳದ್ದೆಂದು ಕೇಳಿಸಿಕೊಂಡಿದ್ದ. ಹಾಗಾದರೆ ಆ ಚಳಿಗಾಲದಲ್ಲಿ ನಾನು ಹಿಂದೆ ಹಾಕಿದ್ದು ಆ ಹುಡುಗನನ್ನೇ.

ಆಗ ಅವಳಿಗೆ ಎಲ್ಲವನ್ನೂ ಹೇಳಿದೆ. ಸದ್ದು, ಕಲ್ಲಿನ ಮೇಲಿನ ಅಂಗೈ, ಹಿಂದೆ ಹಾಕಿದ್ದು, ಸೋಲಲು ಬಂದು ಕಾದದ್ದು. ಸುಮಾಳಿಗೂ ಹೇಳದಿದ್ದದ್ದನ್ನು ಹೇಳಿದೆ. ಅಕ್ಕ ನಗುವಳೆಂದುಕೊಂಡಿದ್ದೆ. ನಗಲಿಲ್ಲ.

“ಆಟದಲ್ಲಿ ದಿನಾ ನೀನೇ ಕೊನೆಗೆ ಮುಟ್ಟೋದು” ಎಂದಳು, ನಡೆಯುತ್ತಲೇ. “ದಿನಾ ನಿನ್ನನ್ನೇ ಕೆರೆ ಪಾಲು ಅಂತ ಆಡ್ಕೊಂಡು ನಾನು ಮನೆಗೆ ಹೋಗ್ತಿದ್ದೆ. ನೀನು ಹಿಂದೆ ಅಳ್ತಾ ಬರ್ತಿದ್ದೆ.”

“ಬರ್ತಿದ್ದೆ ತಾನೆ?”

“ಬರ್ತಿದ್ದೆ” ಎಂದಳು. ಆದರೆ ಹೇಳುವ ಮುಂಚೆ ಒಂದು ಕ್ಷಣ ಯೋಚನೆ ಮಾಡಿದಳು.

ಕಲ್ಲು ಬಂತು. ಇಬ್ಬನಿ ಅಚ್ಚುಕಟ್ಟಾಗಿ ಹರಡಿಕೊಂಡಿತ್ತು, ಗುರುತಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು, “ಒಟ್ಟಿಗೆ ಮುಟ್ಟೋಣ. ಯಾರೂ ಕೊನೆ ಬೇಡ” ಎಂದಳು. ಇಬ್ಬರ ಅಂಗೈಯೂ ಒಂದೇ ಸಲ ಕಲ್ಲಿನ ಮೇಲೆ ಬಿತ್ತು. ತಿರುಗಿ ಹೊರಟೆವು. ಬರಿಗಾಲಲ್ಲಿ ಅವಳು ನೋಡಿಕೊಂಡು ಹೆಜ್ಜೆ ಇಡುತ್ತಿದ್ದಳು. ನಾನು ನಾಲ್ಕು ಹೆಜ್ಜೆ ಮುಂದಾದೆ.

ಹಿಂದಿನಿಂದ ಅಕ್ಕನ ದನಿ ಕೇಳಿತು. “ಬೇಗ ಬಾರೋ, ಕತ್ತಲಾಯ್ತು.”

ಪೂರ್ವದಲ್ಲಿ ಬೆಳಕು ಏರುತ್ತಿತ್ತು. ನಾನು ತಿರುಗಿದೆ. ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಕತ್ತು ಹಿಂದಕ್ಕೆ ಹೊರಳಿಸಿ ಕಲ್ಲಿದ್ದ ಕಡೆಯ ಮಂಜನ್ನು ನೋಡುತ್ತಿದ್ದಳು. ಬಲಗೈ ಹಿಂದಕ್ಕೆ ಚಾಚಿತ್ತು, ಸೊಂಟಕ್ಕಿಂತ ಕೆಳಗೆ, ಅಂಗೈ ಬಿಚ್ಚಿ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಬೆರಳು ಮಡಿಚಿ, ನನ್ನ ಹಿಂದೆ ನಡೆದು ಬಂದಳು. ಏರಿ ಮುಗಿಯುವವರೆಗೂ ಆ ಕೈ ಅವಳ ಮೈಯಿಂದ ಒಂದಿಷ್ಟು ದೂರವೇ ಇತ್ತು. ಅವಳ ಚಪ್ಪಲಿ ಎಡಗೈಯಲ್ಲಿತ್ತು. ನನ್ನ ಕಾಲಲ್ಲಿ ಬೂಟಿತ್ತು. ಆದರೂ ಕಾರಿನವರೆಗೆ ನನಗೆ ಪಟಪಟ ಕೇಳುತ್ತಲೇ ಇತ್ತು.

ಕಾರಿನ ಹತ್ತಿರ ಅವಳು ಮೊದಲು ಹಿಂದಿನ ಬಾಗಿಲು ತೆಗೆದಳು. ಚಪ್ಪಲಿ ಒಳಗಿಡಲು ಎಂದುಕೊಂಡೆ. ಇಡಲಿಲ್ಲ. ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತು, ಮೆತ್ತಗೆ ಮುಚ್ಚಿ, ಮುಂದೆ ನನ್ನ ಪಕ್ಕ ಬಂದು ಕೂತಳು. ಚಪ್ಪಲಿ ಅವಳ ಮಡಿಲಲ್ಲೇ ಇತ್ತು.

“ಯಾರನ್ನ ಕರೆದೆ ಅಕ್ಕ?”

“ಇನ್ಯಾರನ್ನ? ನಿನ್ನನ್ನೇ” ಎಂದಳು. “ಗಾಡಿ ಬಿಡು. ಚಳಿ ಆಗ್ತಿದೆ, ಕಿಟಕಿ ಏರ್ಸು. ಹಿಂದಿಂದೂ ಏರ್ಸು.”